ಜಿಪ್ಸಿಯ ಸ್ಟೇರಿಂಗ್ ನಡುಕ: ಮುಂದಿನ ಹೌಸಿಂಗ್ ಬಿಚ್ಚಿ ಸರಿ ಮಾಡಿದ ಲೆಕ್ಕ

ಗಾಡಿ 2004ರ ಮಾರುತಿ ಜಿಪ್ಸಿ ಕಿಂಗ್. ಸಾಫ್ಟ್ ಟಾಪ್, 1298 ಸಿಸಿ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಪೆಟ್ರೋಲ್ ಎಂಜಿನ್. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ದುಡಿದು ನನ್ನ ಕೈಗೆ ಬಂದದ್ದು. ಎಂಜಿನ್, ಗೇರ್‌ಬಾಕ್ಸ್ ಎರಡೂ ಚೆನ್ನಾಗಿವೆ. ತೊಂದರೆ ಇದ್ದದ್ದು ಮುಂದಿನ ಚಕ್ರಗಳ ಕಡೆ. ಗಂಟೆಗೆ 50–60 ಕಿ.ಮೀ. ವೇಗದಲ್ಲಿ ಹೋಗುವಾಗ ಎಡಗಡೆ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದರೆ ಸಾಕು, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಬಡಿದಾಡಲು ಶುರು. ಎಷ್ಟು ಬಿಗಿಯಾಗಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಬ್ರೇಕ್ ಒತ್ತಿ 30ಕ್ಕೆ ಇಳಿಸಿದ ಮೇಲೇ ಸುಮ್ಮನಾಗುತ್ತಿತ್ತು.

ಜಿಪ್ಸಿ ಇಟ್ಟುಕೊಂಡ ಬಹಳ ಜನಕ್ಕೆ ಈ ನಡುಕ ಗೊತ್ತು. ಮುಂದೆ ಹಿಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇರುವ ಹಳೆ ಗಾಡಿಗಳಿಗೆ ವಯಸ್ಸಾದಾಗ ಬರುವ ಕಾಯಿಲೆ ಇದು. ಯಾರನ್ನು ಕೇಳಿದರೂ "ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ, ಹೋಗುತ್ತೆ" ಅನ್ನುತ್ತಾರೆ. ಡ್ಯಾಂಪರ್ ಹಾಕಿದರೆ ನಡುಕ ಅಡಗುತ್ತದೆ, ಹೋಗುವುದಿಲ್ಲ. ನನ್ನ ಗಾಡಿಯಲ್ಲಿ ಕಾಯಿಲೆ ಇದ್ದದ್ದು ಕಿಂಗ್‌ಪಿನ್ ಬೇರಿಂಗ್‌ನಲ್ಲಿ. ಕಿಂಗ್‌ಪಿನ್ ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಅತ್ತಿತ್ತ ತಿರುಗಲು ಆಧಾರವಾಗುವ ಗೂಟ. ಆ ಬೇರಿಂಗ್ ಹಾಳಾಗಲು ಕಾರಣ ಹೌಸಿಂಗ್ (ಆಕ್ಸಲ್‌ನ ಹೊರಗವಚ) ಮೇಲೆ ಕೂತಿರುವ, ಬೆರಳಿನಷ್ಟೂ ಇಲ್ಲದ ಒಂದು ಬ್ರೀದರ್, ಅಂದರೆ ಒಳಗಿನ ಗಾಳಿ ಹೋಗಿ ಬರುವ ಕಿಂಡಿ. ಅದೇ ದಾರಿಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಮಾಡಿಸಿದ, ಉಪಯೋಗಕ್ಕೆ ಬಾರದ ಕೆಲಸಗಳು

ಮೊದಲು ವೀಲ್ ಬ್ಯಾಲೆನ್ಸಿಂಗ್. ಹಾಸನದಲ್ಲಿ ನಾಲ್ಕೂ ಚಕ್ರಕ್ಕೆ ಮಾಡಿಸಿದೆ, ಸುಮಾರು 600 ರೂಪಾಯಿ. ಟೈರು ಕಂಪನಿ ಅಳತೆಯದ್ದೇ, 205/70 ಆರ್15. ನಡುಕ ಶುರುವಾಗುವ ವೇಗ ಸ್ವಲ್ಪ ಮೇಲೆ ಹೋಯಿತು, ಅಷ್ಟೇ. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಅದೇ ಕತೆ.

ಆಮೇಲೆ ಟೈರಾಡ್ ಎಂಡ್, ಅಂದರೆ ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಜಾಯಿಂಟ್. ಬಲಗಡೆಯದ್ದರಲ್ಲಿ ನಿಜವಾಗಿಯೂ ಪ್ಲೇ (ಸಡಿಲ) ಇತ್ತು, ಕೈಯಲ್ಲಿ ಅಲ್ಲಾಡಿಸಿದರೇ ಗೊತ್ತಾಗುತ್ತಿತ್ತು. ಎರಡೂ ಹೊಸದು ಹಾಕಿದೆ. 1,600 ರೂಪಾಯಿ ಹತ್ತಿರ ಆಯಿತು. ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ಅನ್ನು ಟೇಪಿನಲ್ಲೇ ಅಳೆದು 4 ಮಿ.ಮೀ.ಗೆ ಇಟ್ಟೆ. 2ರಿಂದ 6 ಮಿ.ಮೀ. ಒಳಗೆ ಇದ್ದರೆ ಸರಿ. ಗಾಡಿ ನೇರವಾಗಿ ಓಡಲು ಶುರು ಮಾಡಿತು, ಆದರೆ ಗುಂಡಿಗೆ ಬಿದ್ದಾಗಿನ ನಡುಕ ಹೋಗಲಿಲ್ಲ.

ಕೊನೆಗೆ ಎಲ್ಲರೂ ಹೇಳುವ ಡ್ಯಾಂಪರ್, 1,800 ರೂಪಾಯಿ. ಹಾಕಿದ ಮೇಲೆ ಕೆಲವು ವಾರ ಗಾಡಿ ಶಾಂತವಾಗಿತ್ತು. ನಂತರ ಒಂದು ಸಂಜೆ ಕೊಟ್ಟಿಗೆಹಾರದ ಕಡೆಯಿಂದ ಬರುವಾಗ ಮೊದಲಿಗಿಂತ ಜೋರಾಗಿ ಬಂತು. ಡ್ಯಾಂಪರ್ ಅಂದರೆ ಅಡ್ಡಡ್ಡ ಕೂರಿಸಿದ ಒಂದು ಶಾಕ್ ಅಬ್ಸಾರ್ಬರ್. ಒಳಗೆ ಸಡಿಲ ಇರುವಾಗ ಆ ಸಡಿಲದ ಹೊಡೆತವನ್ನೆಲ್ಲ ಅದೇ ತಿನ್ನುತ್ತದೆ. ಅದು ತಿನ್ನುತ್ತಿರುವಷ್ಟು ದಿನ ಒಳಗೆ ಬೇರಿಂಗ್ ಇನ್ನಷ್ಟು ಸವೆಯುತ್ತಾ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಡ್ಯಾಂಪರ್ ಮೊದಲೇ ಹಾಕಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ.

2. ಪ್ಲೇ ಎಲ್ಲಿದೆ ಅಂತ ಹುಡುಕಿದ್ದು

ಇದಕ್ಕೆ ದುಡ್ಡು ಬೇಡ, ಜೊತೆಗೆ ಒಬ್ಬರು ಇದ್ದರೆ ಸಾಕು. ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ, ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿದೆ. ಟಕ್ ಟಕ್ ಅಂತ ಪ್ಲೇ ಸಿಕ್ಕಿತು. ಇಷ್ಟಕ್ಕೇ ಬಹಳ ಜನ ವೀಲ್ ಬೇರಿಂಗ್ ಹೋಗಿದೆ ಅಂತ ತೀರ್ಮಾನ ಮಾಡುತ್ತಾರೆ. ಇನ್ನೊಂದು ಹೆಜ್ಜೆ ಇದೆ. ತಮ್ಮನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದೆ. ಬ್ರೇಕ್ ಒತ್ತಿದಾಗ ಡಿಸ್ಕು, ಹಬ್ಬು ಎಲ್ಲ ನಕಲ್‌ಗೆ (ಚಕ್ರವನ್ನು ಹೊತ್ತು ಕಿಂಗ್‌ಪಿನ್ ಮೇಲೆ ತಿರುಗುವ ಭಾಗ) ಕಚ್ಚಿಕೊಳ್ಳುತ್ತವೆ. ಆಗ ಪ್ಲೇ ಮಾಯವಾದರೆ ತೊಂದರೆ ವೀಲ್ ಬೇರಿಂಗ್‌ನದು. ಬ್ರೇಕ್ ಒತ್ತಿದರೂ ಪ್ಲೇ ಉಳಿದರೆ ಕಿಂಗ್‌ಪಿನ್‌ದು.

ಎಡಗಡೆ ಪ್ಲೇ ಹಾಗೇ ಉಳಿಯಿತು. ತಮ್ಮ ಬ್ರೇಕ್ ಬಿಟ್ಟು ಇಳಿದು ಬಂದು ಟಾರ್ಚ್ ಹಿಡಿದ. ನಕಲ್ ಮೇಲ್ಭಾಗ ಹೌಸಿಂಗ್ ತುದಿಯ ಚೆಂಡಿನಂಥ ಗುಂಡಿನ ಮೇಲೆ ಸರಿದಾಡುವುದು ಕಣ್ಣಿಗೇ ಕಾಣುತ್ತಿತ್ತು. ಚಕ್ರದ ಹಿಂದೆ, ಗುಂಡಿನ ಕೆಳಗಡೆ ತೆಳು ಎಣ್ಣೆ ಇಳಿದು ಅದಕ್ಕೆ ಧೂಳು ಮೆತ್ತಿಕೊಂಡಿತ್ತು. ಅಲ್ಲಿ ಇರಬೇಕಾದ್ದು ಗ್ರೀಸ್. ಎಣ್ಣೆ ಇದೆ ಅಂದರೆ ಡಿಫರೆನ್ಷಿಯಲ್ (ಆಕ್ಸಲ್‌ಗೆ ಬಲ ಕೊಡುವ ಗೇರ್) ಆಯಿಲ್ ಒಳಗಿನ ಸೀಲ್ ದಾಟಿ ಬಂದಿದೆ ಅಂತ ಅರ್ಥ.

ಪೇಟೆಯಲ್ಲಿ ಹಳೆ ಜೀಪು, ಜಿಪ್ಸಿ ಎಲ್ಲ ನೋಡುವ ಕಾಕ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. "ಗೌಡ್ರೇ, ಬಿಚ್ಚೋದೇನೂ ಕಷ್ಟ ಇಲ್ಲ. ಶಿಮ್ ಕೂರಿಸೋಕೆ ತಾಳ್ಮೆ ಬೇಕು. ಅದನ್ನ ಬಿಟ್ಟು ಬೇರಿಂಗ್ ಮಾತ್ರ ಹಾಕಿದ್ರೆ ಆರು ತಿಂಗಳಿಗೆ ಮತ್ತೆ ಬರ್ತೀರಿ" ಅಂದರು. ಶಿಮ್ ಅಂದರೆ ಬಿಗಿ ಹೊಂದಿಸಲು ಸಂದಿಗೆ ಇಡುವ ತೆಳು ಲೋಹದ ಬಿಲ್ಲೆ. ಮನೆಯಲ್ಲೇ ಮಾಡುವುದು ಅಂತ ಅಲ್ಲೇ ತೀರ್ಮಾನ ಮಾಡಿದೆ. ಬೇರೆಯವರ ಗ್ಯಾರೇಜಿನಲ್ಲಿ ಅಷ್ಟು ಹೊತ್ತು ಅಳೆಯುತ್ತಾ ಕೂರಲು ಯಾರೂ ಬಿಡುವುದಿಲ್ಲ.

3. ಸಾಮಾನು

ಜಿಪ್ಸಿ 1985ರ ಕೊನೆಯಲ್ಲಿ ಬಂದದ್ದು, ಆಗ 970 ಸಿಸಿ ಎಂಜಿನ್. 1996ರಲ್ಲಿ ಜಿಪ್ಸಿ ಕಿಂಗ್, 2000ದಲ್ಲಿ ಎಂಪಿಎಫ್‌ಐ. 2019ರ ಹೊತ್ತಿಗೆ ಹೊಸ ಜಿಪ್ಸಿ ನಮ್ಮಂಥವರಿಗೆ ಸಿಗುವುದು ನಿಂತಿತು. ಆದರೂ ಸಾಮಾನಿಗೆ ಬರ ಇಲ್ಲ. ಸೈನ್ಯದಲ್ಲಿ, ಪೊಲೀಸರಲ್ಲಿ ಅಷ್ಟು ಗಾಡಿಗಳು ಓಡಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದ್ದೆಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕಿತು, ಬಸ್ಸಿನಲ್ಲಿ ಪಾರ್ಸೆಲ್ ಬಂತು.

ಕಿಂಗ್‌ಪಿನ್ ಬೇರಿಂಗ್ ನಾಲ್ಕು, 2,400. ಎರಡೂ ಕಡೆಯ ನಕಲ್ ಸೀಲ್ ಕಿಟ್, 1,500. ಹೌಸಿಂಗ್ ಒಳಗಿನ ಆಯಿಲ್ ಸೀಲ್ ಎರಡು, 500. ಲಿಥಿಯಂ ಗ್ರೀಸ್ ಮತ್ತು ಮುಂದಿನ ಡಿಫರೆನ್ಷಿಯಲ್‌ಗೆ 2 ಲೀಟರ್ ಗೇರ್ ಆಯಿಲ್, ಎಲ್ಲ ಸೇರಿ 1,400. ಶಿಮ್ ಬೇರೆ ಬೇರೆ ದಪ್ಪದ್ದು ಕೇಳಿ ತರಿಸಿಕೊಳ್ಳಿ, ಅದರಲ್ಲೂ 0.1 ಮಿ.ಮೀ.ದು ಜಾಸ್ತಿ ಇರಲಿ. ನನಗೆ ಕಿಟ್ ಜೊತೆಗೇ ಬಂತು.

ಪಾನಾ ಸೆಟ್, ಸರ್‌ಕ್ಲಿಪ್ ಪ್ಲೈಯರ್, ಟಾರ್ಕ್ ರೆಂಚ್ ಇದ್ದವು. ಹಬ್ ನಟ್ಟಿನ ದೊಡ್ಡ ಬಾಕ್ಸ್ ಪಾನಾ ಕಾಕನ ಹತ್ತಿರ ಇಸಿದುಕೊಂಡೆ. ಇನ್ನೊಂದು ಮುಖ್ಯ ಸಾಮಾನು ವಿಮಾನದಲ್ಲಿ ಹೋಗುವವರು ಬ್ಯಾಗ್ ತೂಗಲು ಇಟ್ಟುಕೊಳ್ಳುವ ಡಿಜಿಟಲ್ ಹುಕ್ ತಕ್ಕಡಿ. ಅದು ಯಾಕೆ ಅಂತ ಮುಂದೆ ಬರುತ್ತದೆ.

4. ಎಡಗಡೆ ಬಿಚ್ಚಿದ್ದು

ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು ಶುರು ಮಾಡಿದೆ. ಮುಂದಿನ ಡಿಫರೆನ್ಷಿಯಲ್ ಆಯಿಲ್ ಮೊದಲೇ ಇಳಿಸಿಬಿಡಿ. ಇಲ್ಲದಿದ್ದರೆ ಆಕ್ಸಲ್ ಎಳೆದಾಗ ಎಲ್ಲ ಕಾಲ ಮೇಲೆ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಲೀಫ್ ಸ್ಪ್ರಿಂಗ್‌ಗೆ ಕಟ್ಟಿದೆ. ಬ್ರೇಕ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಫ್ರೀ ವೀಲಿಂಗ್ ಹಬ್‌ನ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸಿ ಬಿಡಿಸುವ ಲಾಕ್) ಮುಚ್ಚಳ, ಸರ್‌ಕ್ಲಿಪ್, ಲಾಕ್ ವಾಷರ್, ನಟ್ಟು ತೆಗೆದ ಮೇಲೆ ಹಬ್ ಮತ್ತು ಡಿಸ್ಕ್ ಒಟ್ಟಿಗೆ ಈಚೆ ಬರುತ್ತವೆ. ಅದರ ಹಿಂದೆ ಎಂಟು ಬೋಲ್ಟಿನ ಸ್ಪಿಂಡಲ್, ಅಂದರೆ ಹಬ್ ಕೂರುವ ಕೊಳವೆ. ಅದು ತುಕ್ಕಿಗೆ ಕಚ್ಚಿಕೊಂಡಿತ್ತು. ಮರದ ತುಂಡು ಅಡ್ಡ ಇಟ್ಟು ಸುತ್ತಲೂ ತಟ್ಟಿ ತಟ್ಟಿ ಬಿಡಿಸಿದೆ.

ಆಕ್ಸಲ್ ಎಳೆದಾಗ ಒಳಗಿದ್ದದ್ದೆಲ್ಲ ಟ್ರೇಗೆ ಸುರಿಯಿತು. ಗ್ರೀಸ್, ಗೇರ್ ಆಯಿಲ್, ನೀರು ಮೂರೂ ಕಲೆತು ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ಬಂದಿತ್ತು. ಬೆರಳಲ್ಲಿ ಉಜ್ಜಿದರೆ ಸಣ್ಣ ಮರಳು ಸಿಗುತ್ತಿತ್ತು.

ಟೈರಾಡ್ ಎಂಡ್ ಬಿಡಿಸಿ, ನಕಲ್ ಹಿಂದಿನ ಸೀಲಿನ ಎಂಟು ಸಣ್ಣ ಬೋಲ್ಟ್ ತೆಗೆದೆ. ಆಮೇಲೆ ಕಿಂಗ್‌ಪಿನ್, ಮೇಲೆ ನಾಲ್ಕು ಬೋಲ್ಟ್, ಕೆಳಗೆ ನಾಲ್ಕು. 12ರ ಪಾನಾ ಹತ್ತುತ್ತದೆ. ಮೇಲಿನ ಪಿನ್ ಯಾವುದು, ಕೆಳಗಿನದ್ದು ಯಾವುದು, ಯಾವುದರ ಕೆಳಗೆ ಎಷ್ಟು ಶಿಮ್ ಇತ್ತು ಅಂತ ಪೇಂಟಿನಲ್ಲಿ ಗುರುತು ಮಾಡಿ ಬೇರೆ ಬೇರೆ ಡಬ್ಬಿಯಲ್ಲಿ ಇಡಬೇಕು.

ಮೇಲಿನ ನಾಲ್ಕು ಸಲೀಸಾಗಿ ಬಂದವು. ಕೆಳಗಿನ ಒಂದು ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಟ್ಟಿದ್ದರೂ ಅದು ತಲೆ ಹತ್ತಿರವೇ ಮುರಿಯಿತು. ಉಳಿದ ಮೂರು ತೆಗೆದು ಪಿನ್ ಎಳೆದ ಮೇಲೆ ಮುರಿದ ತುಂಡು ಸ್ವಲ್ಪ ಹೊರಗೆ ಕಾಣುತ್ತಿತ್ತು. ಡ್ರಿಲ್ ಹಾಕಿದರೆ ತೂತಿನ ಮರೆ (ಥ್ರೆಡ್) ಹಾಳಾಗುವ ಭಯ. ನಕಲ್ ಅನ್ನೇ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅವರು ಆ ತುಂಡಿನ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿ, ಬಿಸಿ ಆರುವ ಮೊದಲೇ ಪಾನಾ ಹಾಕಿ ತಿರುಗಿಸಿದರು. ಬೆಣ್ಣೆ ತೆಗೆದ ಹಾಗೆ ಬಂತು. 200 ರೂಪಾಯಿ. ಮರೆಗೆ ಟ್ಯಾಪ್ ಹಾಕಿ ಸ್ವಚ್ಛ ಮಾಡಿದೆ.

ಬೇರಿಂಗ್‌ಗಳ ವಿಷಯಕ್ಕೆ ಬಂದರೆ, ಮೇಲಿನದ್ದು ತುಕ್ಕು ಹಿಡಿದಿತ್ತು, ಆಕಾರ ಉಳಿದಿತ್ತು. ಕೆಳಗಿನದ್ದರ ಕೇಜ್ (ರೋಲರ್‌ಗಳನ್ನು ಹಿಡಿದಿಡುವ ಬಳೆ) ಚೂರು ಚೂರಾಗಿ ಕೆಂಪು ಪುಡಿ ಜೊತೆ ಕೈಗೆ ಬಂತು. ಬೇರಿಂಗ್‌ನ ಕಪ್ಪನ್ನು (ರೋಲರ್‌ಗಳು ಕೂರುವ ಹೊರಗಿನ ಬಳೆ) ಒರೆಸಿ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಒಂದರ ಪಕ್ಕ ಒಂದು ಗೆರೆ ಗೆರೆಯಾಗಿ ತಗ್ಗು. ಉಗುರು ಎಳೆದರೆ ಪ್ರತಿ ತಗ್ಗಿಗೂ ಸಿಕ್ಕಿಕೊಳ್ಳುತ್ತಿತ್ತು. ಈ ಬೇರಿಂಗ್ ಚಕ್ರದ ಬೇರಿಂಗ್ ಹಾಗೆ ಪೂರ್ತಿ ಸುತ್ತುವುದಿಲ್ಲ. ಸ್ಟೇರಿಂಗ್ ತಿರುಗಿದಷ್ಟೇ ಅತ್ತಿತ್ತ ಆಡುತ್ತದೆ. ಗಾಡಿ ನೇರ ಹೋಗುವಾಗ ರೋಲರ್‌ಗಳು ಅದೇ ಜಾಗದಲ್ಲಿ ನಿಂತು ಪ್ರತಿ ಗುಂಡಿಯ ಹೊಡೆತವನ್ನೂ ಅದೇ ಜಾಗಕ್ಕೆ ಕೊಡುತ್ತವೆ. ಗ್ರೀಸ್ ತೊಳೆದು ಹೋದ ಮೇಲೆ ಆ ಜಾಗ ತಗ್ಗಾಗುತ್ತದೆ. ಸ್ಟೇರಿಂಗ್ ನೇರ ಇರುವಾಗಲೇ ಸಡಿಲ ಜಾಸ್ತಿ, ನಡುಕ ಹುಟ್ಟುವುದೂ ಆಗಲೇ.

5. ಬ್ರೀದರ್

ಅಷ್ಟು ನೀರು ಒಳಗೆ ಹೋದದ್ದು ಹೇಗೆ ಅಂತ ತಿಳಿಯದೆ ಹೊಸ ಬೇರಿಂಗ್ ಹಾಕಲು ಮನಸ್ಸು ಬರಲಿಲ್ಲ. ಹೊರಗಿನ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಸರಿ. ಆದರೆ ಒಳಗಿನ ಸೀಲ್ ದಾಟಿ ಆಯಿಲ್ ಈಚೆ ಬಂದಿತ್ತಲ್ವಾ, ಅದಕ್ಕೆ ಬೇರೆ ಕಾರಣ ಬೇಕು. ಹೌಸಿಂಗ್ ಮೇಲಿನ ಬ್ರೀದರ್ ಬಿಚ್ಚಿ ಬಾಯಲ್ಲಿ ಊದಿದೆ. ಗಾಳಿ ಸ್ವಲ್ಪವೂ ಹೋಗಲಿಲ್ಲ. ಒಣಗಿದ ಕೆಸರು ಸಿಮೆಂಟಿನಂತೆ ಕೂತಿತ್ತು.

ಗಾಡಿ ಓಡುವಾಗ ಹೌಸಿಂಗ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಒತ್ತಡ ಆಯಿಲನ್ನು ಸೀಲ್ ದಾಟಿಸಿ ನಕಲ್ ಒಳಗೆ ತಳ್ಳುತ್ತದೆ. ಅದೇ ಬಿಸಿ ಗಾಡಿಯನ್ನು ಹಳ್ಳಕ್ಕೆ ಇಳಿಸಿದರೆ ಒಮ್ಮೆಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ತೋಟದ ಗಾಡಿಗೆ ಮಳೆಗಾಲದಲ್ಲಿ ಇದು ದಿನದ ಪಾಡು.

ಕಂಪನಿ ಬ್ರೀದರ್ ಬದಲು ಒಂದು ನಿಪ್ಪಲ್ ಹಾಕಿ, ಒಂದೂವರೆ ಮೀಟರ್ ಪೆಟ್ರೋಲ್ ಪೈಪ್ ಎಳೆದು ಎಂಜಿನ್ ಹಿಂದಿನ ಗೋಡೆಯ ಮೇಲ್ಭಾಗಕ್ಕೆ ಕಟ್ಟಿದೆ. ಪೈಪಿನ ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್. ಎಲ್ಲ ಸೇರಿ 150 ರೂಪಾಯಿ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಎಳೆಯದಷ್ಟು ಸಡಿಲ ಪೈಪಿನಲ್ಲಿ ಇರಬೇಕು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ ಭಾಗ ಇದು. ಉಳಿದದ್ದೆಲ್ಲ ಬಾಳಿಕೆ ಬರುವುದು ಇದರಿಂದಲೇ ಅಂತ ನನ್ನ ನಂಬಿಕೆ.

6. ಶಿಮ್ ಮತ್ತು ತಕ್ಕಡಿ

ಹಳೆ ಕಪ್ಪುಗಳನ್ನು ಹಿತ್ತಾಳೆ ಸರಳಿನಿಂದ ಸುತ್ತಲೂ ತಟ್ಟಿ ಹೊರಗೆ ಹಾಕಿದೆ. ಹೊಸದನ್ನು ಹಳೆ ಕಪ್ಪಿನ ಆಸರೆಯಲ್ಲೇ ಹೊಡೆದು ಕೂರಿಸಿದೆ. ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ.

ಹೌಸಿಂಗ್‌ನ ಗುಂಡಿನ ಮೇಲೆ ತುಕ್ಕಿನ ತಗ್ಗುಗಳಿದ್ದವು. ಹಾಗೇ ಬಿಟ್ಟರೆ ಹೊಸ ಸೀಲನ್ನು ಅರೆದುಹಾಕುತ್ತವೆ. ನಯವಾದ ಎಮ್ರಿ ಪೇಪರ್‌ನಲ್ಲಿ ಉಜ್ಜಿ, ಆಳದ ತಗ್ಗಿಗೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಉಜ್ಜಿ ಸಪಾಟು ಮಾಡಿದೆ. ಸೀಲ್ ರಿಂಗನ್ನು ಈ ಹಂತದಲ್ಲೇ ಗುಂಡಿನ ಮೇಲಿಂದ ದಾಟಿಸಿ ಹಿಂದೆ ನೇತುಹಾಕಬೇಕು. ನಕಲ್ ಕೂರಿಸಿದ ಮೇಲೆ ಅದು ಒಳಗೆ ಹೋಗುವುದಿಲ್ಲ, ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.

ಇನ್ನು ಕಾಕ ಹೇಳಿದ ತಾಳ್ಮೆಯ ಕೆಲಸ. ಕಿಂಗ್‌ಪಿನ್ ಮತ್ತು ನಕಲ್ ನಡುವೆ ಶಿಮ್ ಇರುತ್ತದೆ. ಶಿಮ್ ತೆಗೆದರೆ ಪಿನ್ ಒಳಗೆ ಹೋಗಿ ಬೇರಿಂಗ್ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲ. ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಹೊರದೇಶಗಳಲ್ಲಿ ಸಮುರಾಯ್ ಹೆಸರಿನಲ್ಲಿ ಮಾರಾಟವಾದ ಸುಜುಕಿ ಇದೇ ಮನೆತನದ ಗಾಡಿ, ಅದರ ಮುಂದಿನ ಆಕ್ಸಲ್ ಕಟ್ಟಿದ ರೀತಿಯೂ ಇದೇ. ಅದರ ವರ್ಕ್‌ಶಾಪ್ ಪುಸ್ತಕದ ಲೆಕ್ಕ ಹೀಗೆ: ಸೀಲ್ ಬಿಗಿಯದೆ, ಟೈರಾಡ್ ಜೋಡಿಸದೆ, ಟೈರಾಡ್ ಎಂಡ್ ಕೂರುವ ತೂತಿಗೆ ತಕ್ಕಡಿಯ ಹುಕ್ ಹಾಕಿ ನೇರವಾಗಿ ಎಳೆದರೆ ನಕಲ್ ಅಲುಗಲು ಶುರುವಾಗುವಾಗ 1.0ರಿಂದ 1.8 ಕೆ.ಜಿ. ತೋರಿಸಬೇಕು.

ಬಲಗಡೆಯನ್ನು ಅಷ್ಟರಲ್ಲಿ ಬಿಚ್ಚಿದ್ದರಿಂದ ಹಳೆ ಬೇರಿಂಗ್ ಇರುವಾಗಲೇ ಅಳೆದು ನೋಡಿದೆ. 300 ಗ್ರಾಂ ಕೂಡ ದಾಟಲಿಲ್ಲ. ಕೈಬೆರಳಲ್ಲಿ ತಳ್ಳಿದರೂ ತಿರುಗುತ್ತಿತ್ತು. ಎಡಗಡೆ ಹೊಸ ಬೇರಿಂಗ್, ಹಳೆ ಶಿಮ್ ಹಾಕಿ ಬೋಲ್ಟುಗಳನ್ನು 25 ನ್ಯೂಟನ್ ಮೀಟರ್‌ಗೆ ಬಿಗಿದು ಎಳೆದೆ. 2.7 ಕೆ.ಜಿ. ತೀರಾ ಬಿಗಿ. ಹೀಗೇ ಬಿಟ್ಟಿದ್ದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಬೇರಿಂಗೂ ಬೇಗ ಹೋಗುತ್ತಿತ್ತು. ಮೇಲೊಂದು, ಕೆಳಗೊಂದು 0.1 ಮಿ.ಮೀ. ಶಿಮ್ ಸೇರಿಸಿದೆ. 1.4ಕ್ಕೆ ಬಂತು. ನಕಲನ್ನು ಕೊನೆಯಿಂದ ಕೊನೆಗೆ ಹತ್ತಾರು ಸಲ ಆಡಿಸಿ ಮತ್ತೆ ಅಳೆದೆ, ಅಷ್ಟೇ ಇತ್ತು. ಶಿಮ್ ಅನ್ನು ಒಂದೇ ಕಡೆ ಸೇರಿಸುತ್ತಾ ಹೋಗಬೇಡಿ. ನಕಲ್ ಗುಂಡಿನ ಮಧ್ಯದಿಂದ ಮೇಲಕ್ಕೋ ಕೆಳಕ್ಕೋ ಸರಿದು ಸೀಲ್ ಒಂದು ಬದಿ ಒತ್ತಿಕೊಳ್ಳುತ್ತದೆ.

ಬಲಗಡೆಗೆ ಹಳೆ ಶಿಮ್‌ಗಳೇ ಸರಿಹೋದವು, 1.6 ಬಂತು.

7. ಮತ್ತೆ ಜೋಡಿಸಿದ್ದು

ಆಕ್ಸಲ್ ತುದಿಯ ಜಾಯಿಂಟನ್ನು ಡೀಸೆಲ್‌ನಲ್ಲಿ ತೊಳೆದು ಆರೂ ಗೋಲಿಗಳನ್ನು ಒಂದೊಂದಾಗಿ ನೋಡಿದೆ. ತಗ್ಗು, ಬಿರುಕು ಇರಲಿಲ್ಲ. ಬೆರಳಲ್ಲಿ ಒತ್ತಿ ಒತ್ತಿ ಗ್ರೀಸ್ ತುಂಬಿದೆ, ನಕಲ್ ಒಳಗೂ ತುಂಬಿದೆ. ಆಕ್ಸಲ್ ಒಳಗೆ ಬಿಡುವಾಗ ಅದನ್ನು ನೇರವಾಗಿ ಎತ್ತಿ ಹಿಡಿಯಬೇಕು. ತುದಿಯ ಹಲ್ಲುಗಳು ಹೊಸ ಸೀಲಿನ ತುಟಿಗೆ ತಾಗಿದರೆ ಅದು ಅಲ್ಲೇ ಹರಿಯುತ್ತದೆ. ತಮ್ಮ ಟಾರ್ಚ್ ಹಿಡಿದು ನೋಡುತ್ತಾ ಹೇಳುತ್ತಿದ್ದ, ನಾನು ಬಿಡುತ್ತಾ ಹೋದೆ.

ವೀಲ್ ಬೇರಿಂಗ್ ಹಳೆಯದ್ದೇ ಚೆನ್ನಾಗಿತ್ತು. ತೊಳೆದು ಗ್ರೀಸ್ ಹಾಕಿ, ಹಬ್ ತಿರುಗಿಸುತ್ತಾ ನಟ್ಟನ್ನು 80 ನ್ಯೂಟನ್ ಮೀಟರ್‌ಗೆ ಬಿಗಿದು, ಪೂರ್ತಿ ಸಡಿಲಿಸಿ, ಮತ್ತೆ 10–15ಕ್ಕೆ ಮಾತ್ರ ಬಿಗಿದೆ. ಫ್ರೀ ವೀಲಿಂಗ್ ಹಬ್‌ಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ತುಂಬಿಸಿದರೆ ಒಳಗಿನ ಸ್ಪ್ರಿಂಗ್ ಸರಿಯಾಗಿ ಆಡದೆ ಲಾಕ್ ಕೂರುವುದಿಲ್ಲ.

8. ಪರೀಕ್ಷೆ

ಡ್ಯಾಂಪರ್ ಕಳಚಿಟ್ಟು ಹೋದೆ. ಅದು ಇದ್ದರೆ ಕೆಲಸ ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೆಳಿಗ್ಗೆ ರಸ್ತೆ ಖಾಲಿ ಇರುವಾಗ, ಮೊದಲು ನಡುಕ ತಪ್ಪದೆ ಬರುತ್ತಿದ್ದ ತೇಪೆಯ ಮೇಲೆ 40, 50, 60 ಅಂತ ಏರಿಸುತ್ತಾ ಓಡಿಸಿದೆ. ಎಡಚಕ್ರ ಗುಂಡಿಗೆ ಬಿತ್ತು, ಸ್ಟೇರಿಂಗ್ ಒಮ್ಮೆ ಅಲುಗಿ ಅಲ್ಲೇ ನಿಂತಿತು. 70ರಲ್ಲೂ ಅಷ್ಟೇ. ಬಂದ ಖುಷಿಗೆ ತೋಟದ ದಾರಿಗೆ ಇಳಿಸಿ, ಹಬ್ ಲಾಕ್ ಮಾಡಿ ಫೋರ್ ಲೋನಲ್ಲಿ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಏರು ಹತ್ತಿಸಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೂ ಜಾಯಿಂಟಿನಿಂದ ಕಟಕಟ ಸದ್ದಿಲ್ಲ. ಮನೆಗೆ ಬಂದು ಡ್ಯಾಂಪರ್ ಮತ್ತೆ ಹಾಕಿದೆ. ಈಗ ಅದಕ್ಕೆ ಅದರದ್ದೇ ಕೆಲಸ.

ಈ ಸಲದ ಖರ್ಚು 6,150 ರೂಪಾಯಿ. ಮೊದಲು ಬ್ಯಾಲೆನ್ಸಿಂಗ್, ಟೈರಾಡ್, ಡ್ಯಾಂಪರ್ ಅಂತ ಹೋದ 4,000 ಬೇರೆ. ಅದರಲ್ಲಿ ಟೈರಾಡ್ ಎಂಡ್ ಹೇಗೂ ಬೇಕಿತ್ತು.

ಸುಮಾರು 985 ಕೆ.ಜಿ. ತೂಕದ ಗಾಡಿ ಇದು. ಬೇರೆ ಜೀಪು ಹೂತುಹೋಗುವ ಕೆಸರಿನಲ್ಲಿ ಇದು ಮೇಲೆ ಮೇಲೆ ಹೋಗುತ್ತದೆ. ಮನೆಯ ಅಂಗಳದಲ್ಲಿ ಪಾನಾ ಹಿಡಿದು ಕೂತರೆ ಇದರ ಯಾವ ಭಾಗವನ್ನಾದರೂ ಬಿಚ್ಚಿ ಅರ್ಥ ಮಾಡಿಕೊಳ್ಳಬಹುದು. ಇಂಥದ್ದು ಹೊಸದಾಗಿ ಸಿಗುವುದಿಲ್ಲ, ಹಾಗಾಗಿ ಇರುವುದನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಬಾಕಿ ಇರುವುದು: 500 ಕಿ.ಮೀ. ಓಡಿದ ಮೇಲೆ ಕಿಂಗ್‌ಪಿನ್ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ನೋಡಿ, ಬ್ರೇಕ್ ಒತ್ತಿ ಅಲ್ಲಾಡಿಸುವ ಪರೀಕ್ಷೆ ಮಾಡಬೇಕು. ಹಿಂದಿನ ಹೌಸಿಂಗ್‌ಗೂ ಹೀಗೇ ಬ್ರೀದರ್ ಪೈಪ್ ಎಳೆದು, ಅದರ ಒಂದೂವರೆ ಲೀಟರ್ ಆಯಿಲ್ ಬದಲಿಸಬೇಕು. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಒಂದು ರಬ್ಬರ್ ಮೌಂಟಿಂಗ್ ಬಿರುಕು ಬಿಟ್ಟಿರುವುದು ಕೆಳಗೆ ಮಲಗಿದ್ದಾಗ ಕಂಡಿತು. ಮೂರೂ ಮೌಂಟಿಂಗ್ ಒಟ್ಟಿಗೆ ತರಿಸಿದ್ದೇನೆ, ಮುಂಗಾರು ಹಿಡಿಯುವ ಮೊದಲು ಅದನ್ನು ಹಾಕಿ ಮುಗಿಸುವ ಯೋಚನೆ.